ಸೂರ್ಯನ ಮೇಲಿನ ಪ್ಲಸ್ಸು, ಮೈನಸ್ಸು

ಕೆಲವು ವರ್ಷಗಳ ಹಿಂದೆ ಒಂದು ವೀಕ್ಷಣಾಲಯದಲ್ಲಿ ನಾವು ಆರು ದಿನ ಬಿಡದೆ ಸೂರ್ಯನ ಕಾಂತಕ್ಷೇತ್ರ ಅಳೆದೆವು. ಆಕಾಶ ತಿಳಿಯಾಗಿತ್ತು, ಕ್ಯಾಮೆರಾ ತಕರಾರು ಮಾಡಲಿಲ್ಲ, ನಕ್ಷೆಗಳೂ ಚಂದ ಬಂದವು. ಏಳನೇ ದಿನ ಅವನ್ನು ನಾಸಾದ ಎಸ್‌ಡಿಒ ಉಪಗ್ರಹದ ನಕ್ಷೆಗಳ ಪಕ್ಕ ಇಟ್ಟು ನೋಡಿದರೆ, ನಾವು ಉತ್ತರ ಅಂದದ್ದೆಲ್ಲ ಅಲ್ಲಿ ದಕ್ಷಿಣ, ದಕ್ಷಿಣ ಅಂದದ್ದೆಲ್ಲ ಉತ್ತರ. ಹುಡುಕಿದಾಗ ಸಿಕ್ಕ ಕಳ್ಳ ಒಂದು ಪೆನ್ಸಿಲ್ ಗುರುತು. ಸ್ಫಟಿಕದ ಬಿಲ್ಲೆಯೊಂದರ ಅಂಚಿನಲ್ಲಿ ಯಾರೋ ಅದರ ಅಕ್ಷವನ್ನು 90 ಡಿಗ್ರಿ ತಪ್ಪಾಗಿ ಗುರುತು ಹಾಕಿದ್ದರು. ಪ್ರೋಗ್ರಾಮಿನಲ್ಲಿ ಒಂದು ಮೈನಸ್ ಚಿಹ್ನೆ ಸೇರಿಸಿದೆವು, ಆರು ದಿನದ ಕೆಲಸ ಉಳಿಯಿತು.

ಒಂದು ಸ್ಫಟಿಕದ ಬಿಲ್ಲೆ ತಿರುಗಿದರೆ ಸೂರ್ಯನ ಧ್ರುವಗಳು ಹೇಗೆ ಅದಲುಬದಲಾಗುತ್ತವೆ? ನಾವು ಕಾಂತಕ್ಷೇತ್ರವನ್ನು ನೇರವಾಗಿ ಅಳೆಯುವುದೇ ಇಲ್ಲ, ಅದಕ್ಕೆ. ಸೂರ್ಯನ ಮೈಮೇಲೆ ದಿಕ್ಸೂಚಿ ಇಡಲು ಆಗುವುದಿಲ್ಲ ಅಲ್ವಾ. ಅಲ್ಲಿಂದ ನಮಗೆ ಬರುವುದು ಬೆಳಕು. ಆ ಬೆಳಕಿನ ಮೇಲೆ ಕಾಂತತ್ವ ಬಿಟ್ಟುಹೋದ ಗುರುತನ್ನು ಓದುವುದಷ್ಟೇ ನಮ್ಮ ಕೆಲಸ.

ಆ ಗುರುತನ್ನು ಮೊದಲು ಕಂಡವರು ಹಾಲೆಂಡಿನ ಪೀಟರ್ ಝೀಮನ್, 1896ರಲ್ಲಿ. ಸೋಡಿಯಂ ಜ್ವಾಲೆಯನ್ನು ಬಲವಾದ ವಿದ್ಯುತ್ಕಾಂತದ ನಡುವೆ ಇಟ್ಟಾಗ ಅದರ ರೋಹಿತದ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಸಿಗುವ ಪಟ್ಟಿಯ, ಗೆರೆಗಳು ದಪ್ಪಗಾದವು. ನಿಜವಾಗಿ ಒಂದೊಂದು ಗೆರೆಯೂ ಹಲವು ಗೆರೆಗಳಾಗಿ ಸೀಳಿತ್ತು. 1908ರಲ್ಲಿ ಜಾರ್ಜ್ ಎಲರಿ ಹೇಲ್ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ಸೂರ್ಯಕಲೆಗಳ ಬೆಳಕಿನಲ್ಲೂ ಇದೇ ಸೀಳನ್ನು ಕಂಡರು. ಲೆಕ್ಕ ಹಾಕಿದರೆ ಸುಮಾರು 3,000 ಗೌಸ್. ನಾವು ನಿಂತಿರುವ ಭೂಮಿಯ ಕಾಂತಕ್ಷೇತ್ರ ಅರ್ಧ ಗೌಸ್ ಆಸುಪಾಸಿನದು.

ಇದರಲ್ಲಿ ಒಂದು ತಮಾಷೆ ಇದೆ. ಹೇಲ್‌ಗೆ ಕಾಂತತ್ವದ ಅನುಮಾನ ಬಂದದ್ದು ಕಲೆಗಳ ಸುತ್ತ ಸುಳಿಯಂಥ ಆಕಾರ ನೋಡಿ. ಅನಿಲ ಸುಳಿ ಸುತ್ತಿದರೆ ವಿದ್ಯುತ್ತು ಹರಿದೀತು, ಕಾಂತತ್ವ ಹುಟ್ಟೀತು ಅಂತ ಅವರ ತರ್ಕ. ಮರುವರ್ಷವೇ ಕೊಡೈಕೆನಾಲ್‌ನಲ್ಲಿ ಜಾನ್ ಎವರ್ಷೆಡ್ ಅಳೆದು ನೋಡಿದರು. ಕಲೆಯ ಅಂಚಿನಲ್ಲಿ ಅನಿಲ ಸುತ್ತುತ್ತಿರಲಿಲ್ಲ, ನಡುವಿನಿಂದ ನೇರ ಹೊರಕ್ಕೆ ಹರಿಯುತ್ತಿತ್ತು. ಸುಳಿಯ ವಾದ ಬಿತ್ತು, ಕಾಂತಕ್ಷೇತ್ರದ ಅಳತೆ ಮಾತ್ರ ಹಾಗೇ ನಿಂತಿತು. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರು ಸೇರಿದ ಹಾಗೆ. ಆ ಕೊಡೈಕೆನಾಲ್ ವೀಕ್ಷಣಾಲಯ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸುಪರ್ದಿಯಲ್ಲಿದೆ.

ಸೂರ್ಯಕಲೆಯಲ್ಲಿ ಕಬ್ಬಿಣದ 630 ನ್ಯಾನೋಮೀಟರ್ ಗೆರೆ ಸುಮಾರು 0.03 ನ್ಯಾನೋಮೀಟರ್ ಸೀಳುತ್ತದೆ. ಒಳ್ಳೆಯ ರೋಹಿತದರ್ಶಕ ಇದ್ದರೆ ಕಣ್ಣಿಗೇ ಕಾಣಿಸೀತು. ಉಳಿದ ಕಡೆ ಕ್ಷೇತ್ರ ಕಡಿಮೆ, ಸೀಳು ಗೆರೆಯ ದಪ್ಪದೊಳಗೇ ಮುಚ್ಚಿಹೋಗುತ್ತದೆ. ಆಗ ಕೈಹಿಡಿಯುವುದು ಧ್ರುವೀಕರಣ, ಲ್ಯಾಬಿನಲ್ಲಿ ನಾವು ಪೋಲರೈಸೇಶನ್ ಅಂತಲೇ ಅನ್ನುತ್ತೇವೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲನ್ನು ಮೆಲ್ಲಗೆ ತಿರುಗಿಸಿ ನೋಡಿ. ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ, ಏಕೆಂದರೆ ಅದರ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಸೀಳಿದ ಗೆರೆಗಳಲ್ಲಿ ಎಡಗಡೆಯದರ ಕಂಪನ ಬಲಕ್ಕೆ ತಿರುಗುತ್ತಾ ಬಂದರೆ, ಬಲಗಡೆಯದರದು ಎಡಕ್ಕೆ ತಿರುಗುತ್ತಾ ಬರುತ್ತದೆ. ಆ ಸ್ಫಟಿಕದ ಬಿಲ್ಲೆಯ ನೆರವಿನಿಂದ ಎರಡನ್ನೂ ಬೇರೆ ಬೇರೆ ಸೋಸಿ, ಒಂದರಿಂದ ಇನ್ನೊಂದನ್ನು ಕಳೆದರೆ, ಕಣ್ಣಿಗೆ ಕಾಣದ ಸೀಳೂ ಲೆಕ್ಕಕ್ಕೆ ಸಿಗುತ್ತದೆ. ಯಾವುದರಿಂದ ಯಾವುದನ್ನು ಕಳೆಯಬೇಕು ಅನ್ನುವುದರಲ್ಲಿ ಉತ್ತರ, ದಕ್ಷಿಣ ಅಡಗಿರುತ್ತದೆ. ನಮ್ಮ ಬಿಲ್ಲೆ ಕೈಕೊಟ್ಟದ್ದು ಅಲ್ಲೇ.

ಬಿಲ್ಲೆ ಒಂದನ್ನೇ ಬೈದರೆ ಅನ್ಯಾಯವಾದೀತು. ದೂರದರ್ಶಕದ ಕನ್ನಡಿಗಳೂ ಸಾಚಾ ಅಲ್ಲ. ಬೆಳಕು ಓರೆಯಾಗಿ ಬಿದ್ದರೆ ಲೋಹದ ಕನ್ನಡಿ ತನ್ನ ಪಾಲಿನ ಧ್ರುವೀಕರಣವನ್ನೂ ಬೆರೆಸಿ ಕಳಿಸುತ್ತದೆ. ಸೂರ್ಯನನ್ನು ಹಿಂಬಾಲಿಸುವ ಕನ್ನಡಿಯ ಕೋನ ಗಂಟೆ ಗಂಟೆಗೂ ಬದಲಾಗುವುದರಿಂದ ಬೆಳಗ್ಗೆಯ ಸುಳ್ಳು ಬೇರೆ, ಸಂಜೆಯ ಸುಳ್ಳು ಬೇರೆ. ಹಾಗಾಗಿ ನಮ್ಮ ದಿನದ ದೊಡ್ಡ ಪಾಲು ಸೂರ್ಯನನ್ನು ನೋಡುವುದರಲ್ಲಿ ಅಲ್ಲ, ನಮ್ಮ ಉಪಕರಣ ಎಷ್ಟು ಸುಳ್ಳು ಹೇಳುತ್ತಿದೆ ಅಂತ ಅಳೆಯುವುದರಲ್ಲಿ ಕಳೆಯುತ್ತದೆ.

ಇಷ್ಟೆಲ್ಲ ಕಷ್ಟ ಸೂರ್ಯನ ಹೊಳೆಯುವ ಮೇಲ್ಮೈಗೆ, ಅಂದರೆ ದ್ಯುತಿಗೋಳಕ್ಕೆ. ಅದರಾಚೆಯ ತೆಳು ಹೊರ ವಾತಾವರಣಕ್ಕೆ, ಅಂದರೆ ಕರೋನಾಗೆ ಬಂದರೆ ಆಟವೇ ಬೇರೆ. ಅಲ್ಲಿ ಕಾಂತಕ್ಷೇತ್ರ ಬಹಳ ಕಡೆ ಕೆಲವೇ ಗೌಸ್. ಉಷ್ಣತೆ ಹತ್ತು ಲಕ್ಷ ಡಿಗ್ರಿ ದಾಟಿರುವುದರಿಂದ ಪರಮಾಣುಗಳು ಸಿಕ್ಕಾಪಟ್ಟೆ ಓಡಾಡುತ್ತವೆ, ರೋಹಿತದ ಗೆರೆ ಅಗಲವಾಗಿ ಹರಡಿಕೊಳ್ಳುತ್ತದೆ. ಸೀಳು ಆ ಅಗಲದ ಸಾವಿರದ ಒಂದು ಪಾಲೂ ಇರುವುದಿಲ್ಲ. ಜೊತೆಗೆ ಕರೋನಾದ ಬೆಳಕು ಸೂರ್ಯಬಿಂಬದ ಹತ್ತು ಲಕ್ಷದ ಒಂದು ಪಾಲಿನಷ್ಟು. ಒಂದು ಗೌಸ್ ಕ್ಷೇತ್ರದ ಗುರುತು ಅಂದರೆ ಬೆಳಕಿನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ. ಅಷ್ಟು ನಿಖರತೆ ಬೇಕಾದರೆ ಚಿತ್ರದ ಒಂದೊಂದು ಚುಕ್ಕಿಗೂ ಹತ್ತು ಕೋಟಿ ಫೋಟಾನ್ ಎಣಿಸಬೇಕು. ಕತ್ತಲೆ ಕೋಣೆಯಲ್ಲಿ ಹನಿ ಹನಿ ಬೀಳುವ ನಲ್ಲಿಗೆ ಕೊಡ ಹಿಡಿದು ಕೂತ ಹಾಗೆ.

ಅದಕ್ಕೇ ಹವಾಯಿಯ ಹಲಿಯಾಕಲಾ ಬೆಟ್ಟದ ಮೇಲೆ 4 ಮೀಟರ್ ಕನ್ನಡಿಯ ಡೇನಿಯಲ್ ಇನೊಯೆ ದೂರದರ್ಶಕ ಕಟ್ಟಿದ್ದಾರೆ. ಕನ್ನಡಿಯ ಮುಂದೆ ಬೆಳಕಿಗೆ ಏನೂ ಅಡ್ಡ ಬರದಂತೆ ಅದರ ರಚನೆಯೇ ಓರೆ. ಅಲ್ಲಿಂದ 2024ರಲ್ಲಿ ಝೀಮನ್ ಸೀಳಿನ ಆಧಾರದ ಮೇಲೆ ಕರೋನಾದ ಕಾಂತಕ್ಷೇತ್ರದ ನಕ್ಷೆ ಬಂತು. ಹೇಲ್ ಅಳತೆಯಾಗಿ 116 ವರ್ಷಕ್ಕೆ!

ಅದೇ ಹವಾಯಿಯ ಮೌನಾ ಲೋವಾದಲ್ಲಿ ಇನ್ನೊಂದು ಗುಂಪು ಬೇರೆ ಉಪಾಯ ಹೂಡಿತು. ನನಗೆ ಜಾಸ್ತಿ ಇಷ್ಟವಾದದ್ದು ಇದೇ. ತಂಬೂರಿಯ ತಂತಿ ಬಿಗಿಯಾದಷ್ಟೂ ಅದರಲ್ಲಿ ಅಲೆ ವೇಗವಾಗಿ ಓಡುತ್ತದೆ. ಕರೋನಾದಲ್ಲೂ ಕಾಂತರೇಖೆಗಳ ಗುಂಟ ಅಲೆಗಳು ಓಡುತ್ತವೆ, ಅಲ್ಲಿ ಬಿಗಿ ಅಂದರೆ ಕಾಂತಕ್ಷೇತ್ರ. ಅಲೆಯ ವೇಗ ಮತ್ತು ಅನಿಲದ ಸಾಂದ್ರತೆ ಗೊತ್ತಾದರೆ ಕ್ಷೇತ್ರ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಅವರು ಕೊಟ್ಟ ಉತ್ತರ 1ರಿಂದ 4 ಗೌಸ್. 2022ರ ನವೆಂಬರಿನಲ್ಲಿ ಆ ಜ್ವಾಲಾಮುಖಿ ಎದ್ದು, ಲಾವಾ ರಸ್ತೆಯನ್ನೂ ಕರೆಂಟ್ ಲೈನನ್ನೂ ಕಡಿದುಹಾಕಿತು. ಅಲ್ಲಿನ ಅಳತೆ ನಿಂತಿತು.

ಧ್ರುವೀಕರಣದ ಇನ್ನೊಂದು ಗುರುತಿಗೆ ಹಾನ್ಲೆ ಪರಿಣಾಮ ಅಂತ ಹೆಸರು. ಹೊಸ ವಿದ್ಯಾರ್ಥಿಗಳು ಇದು ಲಡಾಖಿನ ಹಾನ್ಲೆಯಲ್ಲಿ ಕಂಡದ್ದು ಅಂತ ತಿಳಿಯುವುದುಂಟು, ಅಲ್ಲಿ ನಮ್ಮವರ ದೂರದರ್ಶಕ ಇದೆಯಲ್ಲ. ಇದು 1924ರ ಸುಮಾರಿಗೆ ಇದನ್ನು ವಿವರಿಸಿದ ಜರ್ಮನಿಯ ವಿಲ್ಹೆಲ್ಮ್ ಹಾನ್ಲೆಯ ಹೆಸರು. ಕರೋನಾದ ಗೆರೆಗಳಲ್ಲಿ ಈ ಗುರುತು ಕ್ಷೇತ್ರದ ದಿಕ್ಕನ್ನು ಹೇಳುತ್ತದೆ, ಬಲವನ್ನಲ್ಲ.

ನಮ್ಮ ಗೌರಿಬಿದನೂರಿನ ರೇಡಿಯೋ ಆಂಟೆನಾಗಳ ದಾರಿ ಮತ್ತೊಂದು. ಕರೋನಾದಿಂದ ಬರುವ ರೇಡಿಯೋ ಅಲೆಗಳೂ ಕಾಂತಕ್ಷೇತ್ರದಲ್ಲಿ ತಿರುಚಿಕೊಂಡು ಬರುತ್ತವೆ, ಅದರಿಂದ ಕ್ಷೇತ್ರದ ಅಂದಾಜು ಸಿಗುತ್ತದೆ. ಮಳೆಗಾಲದ ಮೋಡ ಅವರಿಗೆ ಅಡ್ಡಿಯಲ್ಲ. ಬೆಳಕನ್ನು ನಂಬಿದ ನಮಗೆ ಈ ವಿಷಯದಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಪತ್ರಿಕೆಗಳಲ್ಲಿ ಬರುವ ಸೂರ್ಯನ ಚಿತ್ರಗಳ ಬಗ್ಗೆ ನನ್ನದೊಂದು ತಕರಾರು. ಸೂರ್ಯನಿಂದ ಎದ್ದು ಬಳುಕುವ ಬಣ್ಣಬಣ್ಣದ ಗೆರೆಗಳಿಗೆ 'ಸೂರ್ಯನ ಕಾಂತರೇಖೆಗಳು' ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಅಲ್ಲಿ ಅಳೆದದ್ದು ಕೆಳಗಿನ ದ್ಯುತಿಗೋಳವನ್ನು ಮಾತ್ರ. ಮೇಲಿನ ಗೆರೆಗಳು ಕಂಪ್ಯೂಟರಿನ ಲೆಕ್ಕ. ನಡುವೆ ವಿದ್ಯುತ್ತು ಹರಿಯುವುದಿಲ್ಲ ಅಂತಲೋ, ಹೀಗೀಗೇ ಹರಿಯುತ್ತದೆ ಅಂತಲೋ ಊಹಿಸಿ ಹಾಕಿದ ಲೆಕ್ಕ. ಸೂರ್ಯ ಸುಮ್ನೆ ಇದ್ದಾಗ ಅದು ಸುಮಾರಾಗಿ ಸರಿಹೋಗುತ್ತದೆ. ಸ್ಫೋಟಕ್ಕೆ ಮುಂಚೆ ರೇಖೆಗಳು ಹಗ್ಗದಂತೆ ಹೊಸೆದುಕೊಂಡಾಗ, ಅಂದರೆ ನಮಗೆ ನಿಜವಾಗಿ ಬೇಕಾದ ಹೊತ್ತಿಗೆ, ಹೆಚ್ಚು ಎಡವುವುದೂ ಇಂಥ ಲೆಕ್ಕಗಳೇ. ಚಿತ್ರದ ಕೆಳಗೆ 'ಲೆಕ್ಕ' ಅಂತ ಒಂದು ಪದ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಸೂರ್ಯನಿಂದ ಸಿಡಿದ ಕಾಂತಮೋಡಗಳು ಭೂಮಿಗೆ ಬಡಿದು, ಅಷ್ಟು ದಕ್ಷಿಣದಲ್ಲೂ ಧ್ರುವಪ್ರಭೆ ಮೂಡಿತ್ತು. ಇಂಥ ಮೋಡ ಸೂರ್ಯನಿಂದ ಹೊರಟದ್ದು ನಮಗೆ ಕಾಣುತ್ತದೆ, ವೇಗವೂ ಗೊತ್ತಾಗುತ್ತದೆ. ಅದರೊಳಗಿನ ಕಾಂತಕ್ಷೇತ್ರ ಉತ್ತರಕ್ಕಿದ್ದರೆ ಭೂಮಿಯ ಕ್ಷೇತ್ರ ಬಹುಪಾಲು ತಡೆದುಕೊಳ್ಳುತ್ತದೆ. ದಕ್ಷಿಣಕ್ಕಿದ್ದರೆ ಎರಡೂ ಬೆಸೆದುಕೊಂಡು ಬಾಗಿಲು ತೆರೆದ ಹಾಗಾಗುತ್ತದೆ, ಉಪಗ್ರಹಗಳಿಗೂ ಕರೆಂಟ್ ಗ್ರಿಡ್ಡಿಗೂ ಆಗ ತೊಂದರೆ. ಪ್ಲಸ್ಸೋ ಮೈನಸ್ಸೋ, ಇಲ್ಲೂ ಅದೇ ಪ್ರಶ್ನೆ.

ಹೊಸಕೋಟೆಯಲ್ಲಿ ಸಿದ್ಧವಾಗಿ ಆದಿತ್ಯ-ಎಲ್1 ನೌಕೆ ಏರಿದ ವೆಲ್ಕ್ ಉಪಕರಣದಲ್ಲಿ ಕರೋನಾದ 1074.7 ನ್ಯಾನೋಮೀಟರ್ ಕಬ್ಬಿಣದ ಗೆರೆಯ ಧ್ರುವೀಕರಣ ಅಳೆಯುವ ಏರ್ಪಾಡು ಇದೆ. ಈ ಪ್ರಶ್ನೆಗೆ ಸೂರ್ಯನ ಬಳಿಯೇ ಉತ್ತರ ಹುಡುಕುವ ದಾರಿಗಳಲ್ಲಿ ಅದೂ ಒಂದು. ಅದು ಕೈಗೂಡುವವರೆಗೆ ಖಚಿತ ಉತ್ತರ ಸಿಗುವುದು ಮೋಡ ಹತ್ತಿರ ಬಂದ ಮೇಲೆ, ಅದೇ ನೌಕೆಯ 6 ಮೀಟರ್ ಉದ್ದದ ತೋಳಿನ ಮೇಲೆ ಕೂತ ಕಾಂತಮಾಪಕದಂಥ ಉಪಕರಣಗಳಿಂದ. ನೌಕೆ ಇರುವುದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಲ್ಲಿ. ಮೋಡ ಸೆಕೆಂಡಿಗೆ 700 ಕಿ.ಮೀ. ವೇಗದಲ್ಲಿ ಬಂದರೆ ನಮಗೆ ಸಿಗುವ ಸಮಯ ಸುಮಾರು 36 ನಿಮಿಷ. ಕೋರಮಂಗಲದ ನಮ್ಮ ಆಫೀಸಿನಿಂದ ಹೊಸಕೋಟೆಗೆ ಹೊರಟರೆ, ಅಷ್ಟರಲ್ಲಿ ಕೆ.ಆರ್. ಪುರದ ಸೇತುವೆ ದಾಟುವುದೂ ಅನುಮಾನ.