ಇಂಗ್ಲೆಂಡ್ ಪತ್ರಿಕೆಗಳಿಗೆ ತಮ್ಮ ಟೀಮ್ ಮೇಲೇ ಯಾಕಿಷ್ಟು ಸಿಟ್ಟು?

ಪ್ರಶ್ನೆ: ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬಂದಾಗಲೆಲ್ಲ ಇಂಗ್ಲೆಂಡಿನ ಪತ್ರಿಕೆಗಳು ತಮ್ಮದೇ ತಂಡವನ್ನು ಅಷ್ಟು ಗೋಳು ಹೊಯ್ದುಕೊಳ್ಳುವುದು ಯಾಕೆ? ಇನ್ನೂ ಒಂದು ಪಂದ್ಯವೂ ಆಡಿರುವುದಿಲ್ಲ, ಅಲ್ವಾ?

‘1966ರ ನಂತರ ಅವರ ಪುರುಷರ ತಂಡ ವಿಶ್ವಕಪ್ ಗೆದ್ದಿಲ್ಲ, ಅದೇ ಹೊಟ್ಟೆಯುರಿ’ ಎಂದು ಬಹಳ ಜನ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಸೋತ ಮೇಲೆ ಬೈಯುವುದಕ್ಕೆ ಅದು ಕಾರಣವಾಗಬಹುದು, ಆಡುವ ಮೊದಲೇ ಬೈಯುವುದಕ್ಕಲ್ಲ. ಅಸಲಿ ಕಾರಣ ಇನ್ನೂ ಸಪ್ಪೆಯಾದದ್ದು. ಆ ದಿನಗಳಲ್ಲಿ ಬರೆಯಲು ಆಟವೇ ಇರುವುದಿಲ್ಲ.

ಅಲ್ಲಿನ ಲೀಗ್ ಮೇ ತಿಂಗಳಲ್ಲಿ ಮುಗಿಯುತ್ತದೆ. ವಿಶ್ವಕಪ್ ಶುರುವಾಗುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ನಡುವೆ ಸಿಗುವುದು ತಂಡದ ಆಯ್ಕೆ, ಒಂದೆರಡು ಸೌಹಾರ್ದ ಪಂದ್ಯ, ಬಾಗಿಲು ಮುಚ್ಚಿದ ಅಭ್ಯಾಸ, ಅಷ್ಟೇ. ಓದುಗರ ಕುತೂಹಲ ಮಾತ್ರ ಆಗಲೇ ನೆತ್ತಿಗೇರಿರುತ್ತದೆ. ಲಂಡನ್‌ನಲ್ಲಿ ಒಂದಲ್ಲ, ಹಲವು ಟ್ಯಾಬ್ಲಾಯ್ಡ್‌ಗಳಿವೆ, ಅಂದರೆ ರೋಚಕ ಸುದ್ದಿಯ ಪತ್ರಿಕೆಗಳು. ಪಕ್ಕದವನಿಗಿಂತ ದೊಡ್ಡ ಸುದ್ದಿ ಕೊಡದಿದ್ದರೆ ಅಂಗಡಿಯಲ್ಲಿ ಪೇಪರ್ ಹಾಗೇ ಉಳಿಯುತ್ತದೆ. ಆಟ ಇಲ್ಲದಿದ್ದರೆ ಏನು, ಆಟಗಾರ ಇದ್ದಾನಲ್ಲ. ಅವನ ಕಾಲು, ಅವನ ಹೆಂಡತಿ, ಅವನ ಹಚ್ಚೆ, ಎಲ್ಲವೂ ಸುದ್ದಿಯೇ.

ಕಾಲಿನ ಕಥೆಯನ್ನೇ ನೋಡಿ. 2002ರ ಏಪ್ರಿಲ್ 10ರಂದು ಸ್ಪೇನಿನ ಡಿಪೋರ್ಟಿವೋ ಕ್ಲಬ್ ವಿರುದ್ಧದ ಪಂದ್ಯದಲ್ಲಿ ಇಂಗ್ಲೆಂಡ್ ನಾಯಕ ಡೇವಿಡ್ ಬೆಕಮ್ ಅವರ ಎಡಪಾದದ ಮೂಳೆ ಮುರಿಯಿತು. ‘ದಿ ಸನ್’ ಪತ್ರಿಕೆ ಮುಖಪುಟದಲ್ಲಿ ಆ ಪಾದದ ಫೋಟೋ ಹಾಕಿ, ಓದುಗರೆಲ್ಲ ಅದರ ಮೇಲೆ ಕೈಯಿಟ್ಟು ಬೇಗ ವಾಸಿಯಾಗಲಿ ಎಂದು ಹಾರೈಸಿ ಅಂತ ಕೇಳಿತು. ಮೆಟಟಾರ್ಸಲ್ ಎಂಬ ಮೂಳೆಯ ಹೆಸರು ಟೀ ಅಂಗಡಿಯ ಮಾತಾಯಿತು. ಬೆಕಮ್ ವಿಶ್ವಕಪ್‌ನಲ್ಲಿ ಜೂನ್ 2ರಂದು ಸ್ವೀಡನ್ ವಿರುದ್ಧ ಆಡಿದರು, ಜೂನ್ 7ರಂದು ಅರ್ಜೆಂಟೀನಾ ವಿರುದ್ಧ ಪೆನಾಲ್ಟಿ ಹೊಡೆದು ಗೆಲ್ಲಿಸಿದರು. ನಾಲ್ಕು ವರ್ಷದ ನಂತರ, 2006ರ ಏಪ್ರಿಲ್ 29ರಂದು, ಅದೇ ಜಾತಿಯ ಮೂಳೆ ಇಂಗ್ಲೆಂಡಿನ ಆಟಗಾರ ವೇಯ್ನ್ ರೂನಿಗೆ ಮುರಿಯಿತು. ಮತ್ತೆ ವಾರಗಟ್ಟಲೆ ಎಕ್ಸ್‌ರೇ ಪುರಾಣ.

ಇದೆಲ್ಲ ತಮಾಷೆಯ ಮುಖ. ಕಚ್ಚುವ ಮುಖ ಬೇರೆ ಇದೆ. 1990ರಲ್ಲಿ ಕೋಚ್ ಬಾಬಿ ರಾಬ್ಸನ್ ವಿಶ್ವಕಪ್ ಮುಗಿದ ಮೇಲೆ ನೆದರ್ಲೆಂಡ್ಸ್‌ನ ಪಿಎಸ್‌ವಿ ಐಂಡ್‌ಹೋವನ್ ಕ್ಲಬ್‌ಗೆ ಹೋಗುತ್ತಾರೆ ಎಂಬ ಸುದ್ದಿ ಟೂರ್ನಿಗೆ ಮುಂಚೆಯೇ ಹೊರಬಿತ್ತು. ಕೆಲವು ಪತ್ರಿಕೆಗಳು ಅವರನ್ನು ದ್ರೋಹಿಯಂತೆ ಚಿತ್ರಿಸಿದವು. ತಂಡ ಸಾರ್ಡಿನಿಯಾ ದ್ವೀಪದಲ್ಲಿ ಬೀಡುಬಿಟ್ಟಾಗ ಆಟಗಾರರ ಮೇಲೆ ಗಾಸಿಪ್‌ಗಳ ಸುರಿಮಳೆ. ಸಿಟ್ಟಿಗೆದ್ದ ಆಟಗಾರರು ಪತ್ರಕರ್ತರ ಜೊತೆ ಮಾತೇ ಬಿಟ್ಟರು. ಅದೇ ತಂಡ ಸೆಮಿಫೈನಲ್‌ವರೆಗೆ ಹೋಗಿ, ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಆಮೇಲೆ ರಾಬ್ಸನ್ ಎಲ್ಲರಿಗೂ ಅಚ್ಚುಮೆಚ್ಚು!

ಇಲ್ಲೊಂದು ಒಳಗುಟ್ಟು ಇದೆ. ಇಂಥ ಟೂರ್ನಿಗೆ ಕ್ರೀಡಾ ವರದಿಗಾರರ ಜೊತೆ ಸುದ್ದಿ ವಿಭಾಗದವರೂ ಹೋಗುತ್ತಾರೆ. ಕ್ರೀಡಾ ವರದಿಗಾರ ವರ್ಷವಿಡೀ ಅದೇ ಕೋಚ್, ಅದೇ ಆಟಗಾರರ ಮುಖ ನೋಡಬೇಕು. ನಂಟು ಕೆಡಿಸಿಕೊಂಡರೆ ಅವನ ಹೊಟ್ಟೆಪಾಡಿಗೇ ಕಷ್ಟ. ಸುದ್ದಿ ವಿಭಾಗದವನಿಗೆ ಆ ಹಂಗಿಲ್ಲ. ಬಂದ, ಕೆದಕಿದ, ಹೋದ. ಬೈಗುಳ ತಿನ್ನುವುದು ಮಾತ್ರ ಇಬ್ಬರೂ.

ಇದರ ಬೆಲೆ ಎಷ್ಟು ಅಂತ ಕೇಳಿದರೆ 2006ರ ಏಪ್ರಿಲ್ ನೆನಪಿಸಿಕೊಳ್ಳಿ. ಬ್ರೆಜಿಲ್‌ಗೆ 2002ರ ವಿಶ್ವಕಪ್ ಗೆದ್ದುಕೊಟ್ಟ ಲೂಯಿಸ್ ಫೆಲಿಪೆ ಸ್ಕೊಲಾರಿ ಅವರನ್ನು ಇಂಗ್ಲೆಂಡ್ ಕೋಚ್ ಹುದ್ದೆಗೆ ಕರೆಯಿತು. ಸುದ್ದಿ ಹಬ್ಬಿದ್ದೇ ತಡ, ಪೋರ್ಚುಗಲ್‌ನಲ್ಲಿದ್ದ ಅವರ ಮನೆ ಮುಂದೆ ವರದಿಗಾರರ ದಂಡು. ಖಾಸಗಿ ಬದುಕಿಗೇ ನುಗ್ಗುತ್ತಾರೆ, ನನಗೀ ಕೆಲಸ ಬೇಡ ಎಂದು ಅವರು ಹಿಂದೆ ಸರಿದರು. ಆ ಬೇಸಿಗೆಯ ಕ್ವಾರ್ಟರ್‌ಫೈನಲ್‌ನಲ್ಲಿ ಇಂಗ್ಲೆಂಡನ್ನು ಮನೆಗೆ ಕಳಿಸಿದ್ದು ಅವರೇ ಕೋಚ್ ಆಗಿದ್ದ ಪೋರ್ಚುಗಲ್.

ಹಾಗಾದರೆ ಇದಕ್ಕೆ ಮದ್ದೇ ಇಲ್ಲವಾ? 2018ರಲ್ಲಿ ಆಗಿನ ಇಂಗ್ಲೆಂಡ್ ಕೋಚ್ ಗ್ಯಾರೆತ್ ಸೌತ್‌ಗೇಟ್ ಒಂದು ಉಪಾಯ ಮಾಡಿದರು. ವಿಶ್ವಕಪ್‌ಗಾಗಿ ರಷ್ಯಾಕ್ಕೆ ಹೊರಡುವ ಮುಂಚೆ ತಂಡದ ಅಭ್ಯಾಸ ಕೇಂದ್ರವಾದ ಸೇಂಟ್ ಜಾರ್ಜಸ್ ಪಾರ್ಕ್‌ನಲ್ಲಿ ಪೂರಾ 23 ಆಟಗಾರರನ್ನೂ ಒಂದೇ ದಿನ ಪತ್ರಕರ್ತರ ಮುಂದೆ ಕೂರಿಸಿದರು. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಮುಂಚೆ ಮಾಡುತ್ತಾರಲ್ಲ, ಆ ತರಹ. ಆಟಗಾರ ಡ್ಯಾನಿ ರೋಸ್ ತಮ್ಮ ಖಿನ್ನತೆಯ ಬಗ್ಗೆ ಮನಬಿಚ್ಚಿ ಮಾತಾಡಿದರು. ರಷ್ಯಾದಲ್ಲಿ ಆಟಗಾರರೂ ವರದಿಗಾರರೂ ಒಟ್ಟಿಗೆ ಡಾರ್ಟ್ಸ್ (ಹಲಗೆಗೆ ಮುಳ್ಳು ಎಸೆಯುವ ಆಟ) ಆಡಿದರು. ಹೊಟ್ಟೆಗೆ ನಿಜವಾದ ಊಟ ಬಿದ್ದರೆ ಕುರುಕಲು ಯಾರಿಗೆ ಬೇಕು? ವರದಿಗಳ ಧಾಟಿಯೇ ಬದಲಾಯಿತು. ಗೆಲುವೂ ಕೈಹಿಡಿಯಿತು ಅನ್ನಿ. ಗುಂಪು ಹಂತದಲ್ಲೇ ಟೂರ್ನಿಯಿಂದ ಹೊರಬಿದ್ದಿದ್ದರೆ ಆ ಡಾರ್ಟ್ಸ್ ಬೋರ್ಡೇ ಟೀಕೆಗೆ ಗುರಿಯಾಗುತ್ತಿತ್ತು ಅಂತ ನನ್ನ ಗುಮಾನಿ.

ಆದರೂ ಆ ವರ್ಷವೇ ಇನ್ನೇನು ಟೂರ್ನಿ ಬಂತು ಅನ್ನುವಾಗ ಆಟಗಾರ ರಹೀಮ್ ಸ್ಟರ್ಲಿಂಗ್ ಕಾಲಿನ ಬಂದೂಕಿನ ಹಚ್ಚೆಯನ್ನು ‘ದಿ ಸನ್’ ಮುಖಪುಟಕ್ಕೆ ಎಳೆಯಿತು. ತಾನು ಎರಡು ವರ್ಷದವನಿದ್ದಾಗ ಅಪ್ಪ ಗುಂಡೇಟಿಗೆ ಸತ್ತರು, ಜೀವನದಲ್ಲಿ ಬಂದೂಕು ಮುಟ್ಟಲ್ಲ ಅಂತ ಶಪಥ ಮಾಡಿದ್ದೇನೆ ಎಂದು ಅವರು ವಿವರಿಸಬೇಕಾಯಿತು. ಇದು ಸುದ್ದಿಯಲ್ಲ, ಕೀಟಲೆ.

ಅದೇ ವಿಶ್ವಕಪ್‌ನ ಪನಾಮಾ ಪಂದ್ಯಕ್ಕೆ ಮುಂಚಿನ ಗಲಾಟೆಯಲ್ಲಿ ಮಾತ್ರ ನಾನು ಪತ್ರಕರ್ತರ ಪಕ್ಷ. ಅಭ್ಯಾಸದ ವೇಳೆ ಸಹಾಯಕ ಕೋಚ್ ಸ್ಟೀವ್ ಹಾಲೆಂಡ್ ಕೈಯಲ್ಲಿದ್ದ ಚೀಟಿ ಕ್ಯಾಮೆರಾಕ್ಕೆ ಸಿಕ್ಕಿತು. ಅದರಲ್ಲಿ ಆಡುವ ಹನ್ನೊಂದರ ಸುಳಿವಿತ್ತು. ಪತ್ರಿಕೆಗಳು ಅಚ್ಚು ಹಾಕಿದವು. ‘ನೀವು ನಮ್ಮ ಕಡೆಯವರಲ್ಲವಾ’ ಎಂಬ ಆಕ್ಷೇಪ ತಂಡದ ಕಡೆಯಿಂದ ಬಂತು. ಅಲ್ಲ, ಅವರು ಓದುಗರ ಕಡೆಯವರು. ಕ್ಯಾಮೆರಾ ಇರುವ ಕಡೆ ಚೀಟಿ ಹಿಡಿದು ಓಡಾಡಿದ್ದು ಪತ್ರಕರ್ತರ ತಪ್ಪೇ? ಆ ಚೀಟಿ ನೋಡಿ ಸ್ಟರ್ಲಿಂಗ್ ಹೊರಗೆ, ಮಾರ್ಕಸ್ ರಾಶ್‌ಫರ್ಡ್ ಒಳಗೆ ಅಂತ ಎಲ್ಲರೂ ಲೆಕ್ಕ ಹಾಕಿದರು. ಪಂದ್ಯದ ದಿನ ಸ್ಟರ್ಲಿಂಗ್ ಆರಂಭದಿಂದಲೇ ಆಡಿದರು, ಇಂಗ್ಲೆಂಡ್ 6–1ರಿಂದ ಗೆದ್ದಿತು.