ರಾತ್ರಿ ಹನ್ನೊಂದಕ್ಕೆ ಟೀ-ಬಿಸ್ಕತ್ತು ತಿಂದು ಮಲಗಿದರೆ ಹಲ್ಲಿಗೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಹೊಸನಗರ ಕಡೆ ಅಡಿಕೆ ತೋಟ. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದು ಹನ್ನೆರಡರ ತನಕ ಅಡಿಕೆ ಸುಲಿಯುತ್ತೇವೆ. ಊಟ ಎಂಟಕ್ಕೇ ಮುಗಿದಿರುತ್ತದೆ. ಆಮೇಲೆ ಟೀ, ಬಿಸ್ಕತ್ತು, ಮಂಡಕ್ಕಿ ಅಂತ ಏನಾದರೂ ನಡೀತಾನೇ ಇರುತ್ತದೆ. ಬೆಳಿಗ್ಗೆ ಎದ್ದು ಚೆನ್ನಾಗಿ ಹಲ್ಲುಜ್ಜಿದರೆ ಸಾಕಲ್ವಾ?

ಸಾಕಾಗಲ್ಲ. ಒಂದೇ ಹೊತ್ತು ಉಜ್ಜೋದು ಅಂತಿದ್ದರೆ, ಬೆಳಿಗ್ಗೆಗಿಂತ ರಾತ್ರಿಯದ್ದೇ ಮುಖ್ಯ. ಎರಡು ಹೊತ್ತೂ ಉಜ್ಜಿದರೆ ಇನ್ನೂ ಒಳ್ಳೆಯದು.

ಕಾರಣ ಜೊಲ್ಲು. ಎಚ್ಚರ ಇರುವಾಗ ಅದು ಬಾಯಲ್ಲಿ ಸದಾ ಒಸರುತ್ತಿರುತ್ತದೆ. ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್. ಅದು ಹಲ್ಲು ತೊಳೆಯುತ್ತದೆ, ಹುಳಿಯನ್ನು ಕಡಿಮೆ ಮಾಡುತ್ತದೆ, ಹಲ್ಲಿನಿಂದ ಕರಗಿ ಹೋದ ಕ್ಯಾಲ್ಸಿಯಂ ಅನ್ನು ಮತ್ತೆ ಹಲ್ಲಿಗೇ ತುಂಬುತ್ತದೆ. ನಿದ್ದೆ ಹತ್ತಿದ ಮೇಲೆ ಈ ಒಸರು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರಿಗೆ, ಶೀತಕ್ಕೋ ಬಿಪಿಗೋ ಕೆಲವು ಮಾತ್ರೆ ತಗೊಳ್ಳುವವರಿಗೆ ಬಾಯಿ ಇನ್ನೂ ಜಾಸ್ತಿ ಒಣಗುತ್ತದೆ.

ಈಗ ಬಿಸ್ಕತ್ತಿನ ಕಥೆ ನೋಡಿ. ಅಗಿದ ಹಿಟ್ಟು ದವಡೆ ಹಲ್ಲಿನ ಮೇಲಿನ ಸಣ್ಣ ಗೀರುಗಳಲ್ಲಿ ಅಂಟಿ ಕೂರುತ್ತದೆ. ನಾಲಿಗೆ ಆಡಿಸಿದರೂ ಪೂರ್ತಿ ಬಿಡಲ್ಲ. ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ತಿಂದು ಕೆಲವೇ ನಿಮಿಷದಲ್ಲಿ ಆಮ್ಲ ಮಾಡುತ್ತವೆ. ಹುಳಿಯ ಅಳತೆಯಾದ ಪಿಎಚ್ (ಇದು ಇಳಿದಷ್ಟೂ ಹುಳಿ ಜಾಸ್ತಿ) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮಲ್, ಕರಗಲು ಶುರು. ಹಗಲಾದರೆ ಜೊಲ್ಲು ಅರ್ಧ-ಮುಕ್ಕಾಲು ಗಂಟೆಯಲ್ಲಿ ಇದನ್ನು ಸರಿಮಾಡಿಬಿಡುತ್ತದೆ. ನಿದ್ದೆಯಲ್ಲಿ ಸರಿಮಾಡುವವರೇ ಇಲ್ಲ. ಬೆಳಿಗ್ಗೆ ನೀವು ಬ್ರಷ್ ಹಿಡಿಯುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿರುತ್ತದೆ.

ಇನ್ನೊಂದು ವಿಷಯ, ಎಷ್ಟು ತಿಂದಿರಿ ಅನ್ನೋದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನೋದು ಹಲ್ಲಿಗೆ ಜಾಸ್ತಿ ಲೆಕ್ಕ. ಅರ್ಧ ಗಂಟೆಗೊಮ್ಮೆ ಸಕ್ಕರೆ ಟೀ ಒಂದೊಂದು ಗುಟುಕು ಕುಡಿಯುತ್ತಾ ಕೂತರೆ, ಒಂದು ಹುಳಿ ಇಳಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ. ಬೆಲ್ಲದ ಕಷಾಯವಾದರೂ ಅಷ್ಟೇ, ಬೆಲ್ಲ ಅಂತ ಹಲ್ಲು ವಿನಾಯಿತಿ ಕೊಡಲ್ಲ. ಹಾಗಾಗಿ ಹತ್ತು ಗಂಟೆಗೆ ಒಂದೇ ಸಲ ಎಲ್ಲರೂ ಟೀ-ತಿಂಡಿ ಮುಗಿಸಿ, ಆಮೇಲೆ ನೀರು ಮಾತ್ರ ಕುಡಿಯಿರಿ. ಮಂಡಕ್ಕಿ ಬದಲು ಹುರಿದ ಶೇಂಗಾ ಇಟ್ಟುಕೊಂಡರೆ ಇನ್ನೂ ವಾಸಿ. ಮಂಡಕ್ಕಿಯಲ್ಲಿ ಸಿಹಿ ಇಲ್ಲ ನಿಜ, ಆದರೆ ಅದರ ಪಿಷ್ಟವೂ ಬಾಯಲ್ಲಿ ಸಕ್ಕರೆಯಾಗುತ್ತದೆ.

ಅಪ್ಪೆಹುಳಿ (ಮಾವಿನಕಾಯಿಯ ಹುಳಿ ತಿಳಿಸಾರು) ಕುಡಿದರೆ ಒಳ್ಳೆ ನಿದ್ದೆ ಬರುತ್ತದೆ ಅಂತ ನಮ್ಮ ಕಡೆ ಊಟದ ಕೊನೆಗೆ ಒಂದು ಲೋಟ ಕುಡಿಯುತ್ತಾರಲ್ಲ, ಅದನ್ನು ಬಿಡಿ ಅಂತ ನಾನು ಹೇಳಲ್ಲ. ಕುಡಿದ ತಕ್ಷಣ ಬ್ರಷ್ ಮಾತ್ರ ಮಾಡಬೇಡಿ. ಹುಳಿಗೆ ಮೆತ್ತಗಾದ ಎನಾಮಲ್ ಉಜ್ಜಿದರೆ ಸವೆಯುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ತಿಂದ ಕೂಡಲೇ ಮಲಗಿ ಹುಳಿತೇಗು ಬರುವವರಿಗೆ ಹೊಟ್ಟೆಯ ಆಮ್ಲವೇ ಬಾಯಿಗೆ ಬಂದು ಮೇಲಿನ ಮುಂದಿನ ಹಲ್ಲುಗಳ ಒಳಬದಿ ಸವೆಯುತ್ತದೆ. ಅಂಥವರು ತಿಂದು ಎರಡು ಮೂರು ಗಂಟೆ ಆದಮೇಲೆ ಮಲಗುವುದು ಒಳ್ಳೆಯದು.

ನೀವು ಕೇಳಿಲ್ಲ, ಆದರೂ ಕವಳದ, ಅಂದರೆ ಎಲೆಅಡಿಕೆಯ ಬಗ್ಗೆ ಹೇಳಲೇಬೇಕು. ಸುಲಿಯೋ ಚಪ್ಪರದಲ್ಲಿ ಎಲೆ, ಅಡಿಕೆ, ಸುಣ್ಣದ ತಟ್ಟೆ ಇದ್ದೇ ಇರುತ್ತದೆ, ಕೆಲವರು ಕವಳ ದವಡೆಯಲ್ಲಿಟ್ಟುಕೊಂಡೇ ಮಲಗುತ್ತಾರೆ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ, ಇದನ್ನು ಬರೆಯೋದು ನನಗೂ ಕಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕಿಲ್ಲದ ಕವಳವನ್ನೂ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಾಯಿ ಪೂರ್ತಿ ತೆರೆಯಲು ಆಗದಂತೆ ಕೆನ್ನೆಯ ಒಳಗು ಬಿಗಿಯುವ ಕಾಯಿಲೆಯೂ ಇದರಿಂದಲೇ ಬರುತ್ತದೆ. ಬಿಡಲು ಆದರೆ ಬಿಟ್ಟುಬಿಡಿ. ತಕ್ಷಣಕ್ಕೆ ಆಗದಿದ್ದರೂ ಬಾಯಲ್ಲಿಟ್ಟುಕೊಂಡು ಮಲಗೋದನ್ನಂತೂ ಇವತ್ತೇ ನಿಲ್ಲಿಸಿ.

ಇನ್ನು ಉಜ್ಜೋದು. ಮಲಗುವ ಮುಂಚೆ, ಕೊನೆಯ ತಿಂಡಿ ಆದಮೇಲೆ, ಎರಡು ನಿಮಿಷ. ಫ್ಲೋರೈಡ್ ಇರುವ ಪೇಸ್ಟ್, ಟ್ಯೂಬಿನ ಮೇಲೆ 1000 ಪಿಪಿಎಂ ಆಸುಪಾಸು ಬರೆದಿರುತ್ತದೆ. ಇದ್ದಿಲು, ಉಪ್ಪು ಹಾಕಿ ತಿಕ್ಕಬೇಡಿ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಆದರೆ ನೀರು ಹಾಕಿ ಮುಕ್ಕಳಿಸಬೇಡಿ, ಆ ಫ್ಲೋರೈಡ್ ರಾತ್ರಿಯಿಡೀ ಹಲ್ಲಿನ ಮೇಲೆ ಇರಲಿ. ಮಕ್ಕಳಿಗೂ ಸಕ್ಕರೆ ಹಾಲು ಕುಡಿಸಿ ಹಾಗೇ ಮಲಗಿಸಬೇಡಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಷ್ಟು ಪೇಸ್ಟ್, ಆರರ ತನಕ ಬಟಾಣಿಯಷ್ಟು ಸಾಕು.

ತಣ್ಣೀರು ಕುಡಿದಾಗ ಹಲ್ಲು ಜುಂ ಅಂದರೆ, ಅಥವಾ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ ಕಂಡರೆ ಕೊಯ್ಲು ಮುಗಿಯುವ ತನಕ ಕಾಯಬೇಡಿ. ಬಿಳಿ ಮಚ್ಚೆಯ ಹಂತದಲ್ಲಿ ಇನ್ನೂ ಕುಳಿ ಬಿದ್ದಿರುವುದಿಲ್ಲ, ಕೊರೆಯದೇ ಸರಿಮಾಡಬಹುದು. ತಾಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರ್ ಯಾವ ದಿನ ಸಿಗುತ್ತಾರೆ ಕೇಳಿಕೊಂಡು ಹೋಗಿ ತೋರಿಸಿ.