ಅದಕ್ಕೇ ಅನ್ನೋ ಅಂಟು

ಈ ಹತ್ತು ಪದಗಳನ್ನು ಒಂದ್ಸಲ ಓದಿ: ಏಣಿ, ಬೀಗ, ಬೆಕ್ಕು, ಕೊಡೆ, ಕಿಟಕಿ, ರಕ್ತ, ಡಾಕ್ಟರ್, ಸೂಜಿ, ಕಾಗದ, ಗಂಟೆ. ತಕ್ಷಣ ಕೇಳಿದರೆ ಹೇಗೋ ಹೇಳಿಬಿಡುತ್ತೀರಿ. ಇಂಥದೇ ಇನ್ನೂ ಹನ್ನೊಂದು ಪಟ್ಟಿ ಓದಿಸಿ, ಆಮೇಲೆ ಮೊದಲನೇ ಪಟ್ಟಿ ಏನಿತ್ತು ಅಂತ ಕೇಳಿದರೆ? ಏಣಿ ನೆನಪಾದರೆ ದೊಡ್ಡದು.

ಈಗ ಅದನ್ನೇ ಹೀಗೆ ಓದಿ. ಒಬ್ಬ ಏಣಿ ಹಾಕಿ ಮಹಡಿ ಹತ್ತಿದ, ನೋಡಿದರೆ ಬಾಗಿಲಿಗೆ ಬೀಗ, ಒಳಗೆ ಬೆಕ್ಕು ಅರಚುತ್ತಿದೆ, ಕೈಲಿದ್ದ ಕೊಡೆಯಿಂದ ಕಿಟಕಿ ಒಡೆದ, ಗಾಜು ಕುಯ್ದು ರಕ್ತ ಬಂತು, ಡಾಕ್ಟರ್ ಹತ್ತಿರ ಓಡಿದ, ಅವರು ಸೂಜಿ ಚುಚ್ಚಿ ಕಾಗದದಲ್ಲಿ ಮಾತ್ರೆ ಬರೆದು ಕೊಡುವಷ್ಟರಲ್ಲಿ ಒಂಬತ್ತು ಗಂಟೆ ಹೊಡೆಯಿತು. ಕೊನೆಯಲ್ಲಿ ಸ್ವಲ್ಪ ಎಳೆದು ತಂದಿದ್ದೇನೆ, ಗೊತ್ತು. ಆದರೂ ಕೆಲಸ ನಡೆಯುತ್ತದೆ.

ನಡೆಯುತ್ತದೆ ಅಂತ 1969ರಲ್ಲೇ ಬೋವರ್ ಮತ್ತು ಕ್ಲಾರ್ಕ್ ಎಂಬ ಮನಃಶಾಸ್ತ್ರಜ್ಞರು ತೋರಿಸಿದ್ದರು. ಹತ್ತತ್ತು ಪದಗಳ 12 ಪಟ್ಟಿ. ಕೆಲವರು ಸುಮ್ನೆ ಓದಿ ಕಲಿತರು, ಇನ್ನು ಕೆಲವರು ಪ್ರತಿ ಪಟ್ಟಿಗೂ ತಾವೇ ಒಂದು ಕತೆ ಕಟ್ಟಿದರು. ಆಯಾ ಪಟ್ಟಿ ಮುಗಿದ ಕೂಡಲೇ ಕೇಳಿದಾಗ ಇಬ್ಬರೂ ಸಮ. ಹನ್ನೆರಡೂ ಮುಗಿದ ಮೇಲೆ ಕೇಳಿದಾಗ, ಸುಮ್ನೆ ಓದಿದವರಿಗೆ ನೆನಪಿದ್ದದ್ದು ಶೇಕಡಾ 13ರಷ್ಟು. ಕತೆ ಕಟ್ಟಿದವರಿಗೆ ಶೇಕಡಾ 93ರಷ್ಟು!

ನನಗನ್ನಿಸೋದು ಇಷ್ಟು. ಪಟ್ಟಿಯಲ್ಲಿ ಬರೀ ‘ಆಮೇಲೆ’ ಇರುತ್ತದೆ, ಕತೆಯಲ್ಲಿ ‘ಅದಕ್ಕೇ’ ಇರುತ್ತದೆ. ಬೀಗ ಇತ್ತು, ಅದಕ್ಕೇ ಕಿಟಕಿ. ಕಿಟಕಿ ಒಡೆದ, ಅದಕ್ಕೇ ರಕ್ತ. ಒಂದನ್ನು ಎಳೆದರೆ ಇನ್ನೊಂದು ತಾನಾಗಿ ಬರುತ್ತದೆ.

ಈ ಅಂಟಿನ ಹುಚ್ಚು ನಮಗೆ ಎಷ್ಟಿದೆ ಅಂದರೆ, ಕತೆ ಇಲ್ಲದ ಕಡೆಯೂ ಹುಡುಕುತ್ತೇವೆ. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬ ಸಂಶೋಧಕರು ಎರಡು ತ್ರಿಕೋನ, ಒಂದು ವೃತ್ತ ಓಡಾಡುವ ಪುಟ್ಟ ಚಿತ್ರ ತೋರಿಸಿ, ಕಂಡದ್ದನ್ನು ಬರೆಯಿರಿ ಅಂದರು. 34 ಜನರಲ್ಲಿ ಅದನ್ನು ಬರೀ ಆಕಾರಗಳ ಚಲನೆ ಅಂತ ಬರೆದದ್ದು ಒಬ್ಬರೇ. ಉಳಿದವರಿಗೆ ಅಲ್ಲಿ ಜಗಳ, ಹೆದರಿಕೆ, ಅಟ್ಟಿಸಿಕೊಂಡು ಹೋಗೋದು ಎಲ್ಲ ಕಂಡಿತ್ತು.

ಸಂಸ್ಥೆಗಳಿಗೆ ಇದರಿಂದೇನು ಅಂತ ಕೇಳಿದರೆ ನಾನು ಜೆರಾಕ್ಸ್ ಕಂಪನಿಯ ರಿಪೇರಿಯವರನ್ನು ತೋರಿಸುತ್ತೇನೆ. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಇವರ ಹಿಂದೆಯೇ ಸುತ್ತಿದರು. ಕಂಪನಿ ದಪ್ಪನೆಯ ಮ್ಯಾನ್ಯುಯಲ್ ಕೊಟ್ಟಿತ್ತು: ಈ ಕೋಡ್ ಬಂದರೆ ಇದನ್ನು ನೋಡಿ, ಅದು ಸರಿ ಇದ್ದರೆ ಇನ್ನೊಂದನ್ನು ಬದಲಿಸಿ. ಮೆಷಿನ್‌ಗಳು ಮಾತ್ರ ಮ್ಯಾನ್ಯುಯಲ್ ಓದಿರಲಿಲ್ಲ. ಒಂದು ಸಲ ಮೆಷಿನ್ ತೋರಿಸಿದ ಕೋಡ್ ಒಂದು, ನಿಜವಾದ ತೊಂದರೆ ಬೇರೆ. ಹೇಳಿದ ಭಾಗ ಬದಲಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಹಿರಿಯ ತಜ್ಞರನ್ನು ಕರೆಸಿದರು, ಅವರಿಗೂ ತಿಳಿಯಲಿಲ್ಲ. ಆಗ ರಿಪೇರಿಯವರು, ತಜ್ಞರು ಇಬ್ಬರೂ ಮೆಷಿನ್ ಮುಂದೆ ನಿಂತು, ಹಿಂದೆ ಕಂಡ ಬೇರೆ ಬೇರೆ ಮೆಷಿನ್‌ಗಳ ಕತೆ ಹೇಳತೊಡಗಿದರು. ಅಲ್ಲಿ ಹೀಗಾಗಿತ್ತು, ಅದಕ್ಕೆ ಕಾರಣ ಅದಾಗಿತ್ತು, ಇಲ್ಲೂ ಅದೇ ಇರಬಹುದಾ? ಹೇಳೋದು, ನೋಡೋದು, ಮತ್ತೆ ಹೇಳೋದು. ಗಂಟೆಗಟ್ಟಲೆ ಆದಮೇಲೆ ಕತೆಯೂ ಮೆಷಿನ್ನೂ ಒಂದಕ್ಕೊಂದು ಹೊಂದಿಕೊಂಡವು, ತೊಂದರೆ ಸಿಕ್ಕಿತು. ಮುಂದೆ ಅದೇ ಒಂದು ಹೊಸ ಕತೆಯಾಗಿ ಬೇರೆ ರಿಪೇರಿಯವರ ಕಿವಿಗೂ ಬಿತ್ತು. ಊಟದ ಹೊತ್ತಲ್ಲಿ ಇವರು ಕೂತು ಹರಟುವುದು ಹೊರಗಿನವರಿಗೆ ಸೋಮಾರಿತನದ ಹಾಗೆ ಕಾಣುತ್ತಿತ್ತು, ಅಸಲಿಗೆ ಅವರ ನಿಜವಾದ ಮ್ಯಾನ್ಯುಯಲ್ ಅಲ್ಲೇ ಇತ್ತು.

ಆದರೆ ಕತೆ ಅಂದರೆ ಒಳ್ಳೇದೇ ಅಂದುಕೊಳ್ಳಬೇಡಿ. ನೆನಪಿಗೆ ‘ಅದಕ್ಕೇ’ ಇದ್ದರೆ ಸಾಕು, ಅದು ನಿಜವೋ ಸುಳ್ಳೋ ಅಂತ ನೆನಪು ಕೇಳುವುದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದೆ, ಸಾಲ ಮಾಡಿ ಧೈರ್ಯ ಮಾಡಿದೆ, ಅದಕ್ಕೇ ಇವತ್ತು ಇಲ್ಲಿದ್ದೇನೆ ಅಂತ ವೇದಿಕೆ ಮೇಲೆ ನಿಂತು ಹೇಳುವವರ ಕತೆಗಳಲ್ಲಿ ನನಗೆ ನಂಬಿಕೆ ಕಡಿಮೆ. ನಾಲ್ಕಕ್ಕೇ ಎದ್ದು, ಅಷ್ಟೇ ಸಾಲ ಮಾಡಿ ಮುಳುಗಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ ಅಲ್ವಾ? ರಿಪೇರಿಯವರಿಗೆ ಈ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಕತೆ ತಪ್ಪಾಗಿದ್ದರೆ ಮೆಷಿನ್ ಅಲ್ಲೇ ಕಾಗದ ನುಂಗಿ ನಿಲ್ಲುತ್ತಿತ್ತು.